ರಂಧ್ರ ಜಾಸ್ತಿಯಾದರೂ ಪ್ಲೇಟಿನ ಫ್ರೀಕ್ವೆನ್ಸಿ ಏರಬಹುದಾ?

ಪ್ರಶ್ನೆ: ನಾನು ಎಂ.ಟೆಕ್. ವಿದ್ಯಾರ್ಥಿ. ನಡುವೆ ರಂಧ್ರ ಜಾಸ್ತಿ, ಎರಡೂ ಮುಖಗಳ ಕಡೆ ಕಡಿಮೆ ಇರುವ ಅಲ್ಯೂಮಿನಿಯಂ ಫೋಮ್ ಪ್ಲೇಟನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿದ್ದೇನೆ. ರಂಧ್ರ ಗುಣಾಂಕ ಹೆಚ್ಚಿಸುತ್ತಾ ಹೋದರೆ ಬಕ್ಲಿಂಗ್ ಲೋಡ್ ಇಳಿಯುತ್ತದೆ. ಆದರೆ ಮೊದಲನೇ ಫ್ರೀಕ್ವೆನ್ಸಿ (ತಟ್ಟಿದಾಗ ಪ್ಲೇಟು ತಾನಾಗಿ ಕಂಪಿಸುವ ಅತಿ ಕಡಿಮೆ ಫ್ರೀಕ್ವೆನ್ಸಿ) ಸ್ವಲ್ಪ ಏರುತ್ತದೆ! ರಂಧ್ರ ಬಂದ ಮೇಲೆ ಎರಡೂ ಇಳಿಯಲೇಬೇಕು, ಎಲ್ಲೋ ತಪ್ಪಿದೆ ಅಂತಾರೆ ನನ್ನ ಗೈಡ್. ಸೆರಾಮಿಕ್ ಮತ್ತು ಲೋಹ ಸೇರಿದ ಪ್ಲೇಟುಗಳ ಮೇಲಿನ ಪೇಪರುಗಳಲ್ಲಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಯಾವುದನ್ನು ನಂಬಬೇಕು? ಇನ್ನೊಂದು ವಿಷಯ: ಲ್ಯಾಬಿನಲ್ಲಿ ಬಕ್ಲಿಂಗ್ ಲೋಡ್ ಪರೀಕ್ಷಿಸಬೇಕಾದರೆ ಪ್ಲೇಟನ್ನು ಕೆಡಿಸಲೇಬೇಕಾ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇರುವ ಹಾಗೆ ಕಾಣುತ್ತದೆ. ಗೈಡ್ ಹೇಳಿದ್ದೂ ಪೂರ್ತಿ ತಪ್ಪಲ್ಲ. ದಪ್ಪದ ಉದ್ದಕ್ಕೂ ರಂಧ್ರ ಒಂದೇ ಸಮ ಹರಡಿದ ಪ್ಲೇಟು ಅವರ ಮನಸ್ಸಿನಲ್ಲಿದೆ. ನೀವು ಮಾಡಿರುವುದು ಬೇರೆ ಪ್ಲೇಟು. ರಂಧ್ರ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಮೊದಲು ಬಕ್ಲಿಂಗ್. ಪ್ಲೇಟಿನ ಎದುರುಬದುರು ಅಂಚುಗಳನ್ನು ಅದರ ಸಮತಲದಲ್ಲೇ ಒತ್ತುತ್ತಾ ಹೋದರೆ ಒಂದು ಹಂತದವರೆಗೆ ಅದು ಚಪ್ಪಟೆಯಾಗಿಯೇ ಇರುತ್ತದೆ. ಆ ಹಂತ ಮುಟ್ಟಿದ ಕೂಡಲೇ ಪಕ್ಕಕ್ಕೆ ಉಬ್ಬುತ್ತದೆ. ವಸ್ತು ಮುರಿದಿರುವುದಿಲ್ಲ, ಚಪ್ಪಟೆಯಾಗಿ ನಿಲ್ಲುವ ಶಕ್ತಿ ಮಾತ್ರ ಹೋಗಿರುತ್ತದೆ. ಕಂಬಕ್ಕೆ ಈ ಲೆಕ್ಕವನ್ನು ಆಯ್ಲರ್ 1744ರಲ್ಲೇ ಮಾಡಿದ್ದ. ನಾಲ್ಕೂ ಕಡೆ ಆಸರೆ ಇರುವ ಪ್ಲೇಟಿಗೆ ಮಾಡಿದ್ದು ಜಿ.ಎಚ್. ಬ್ರಯಾನ್, 1891ರಲ್ಲಿ. ಹಡಗಿನ ಪಕ್ಕದ ತಗಡು ಯಾವಾಗ ಉಬ್ಬುತ್ತದೆ ಅನ್ನುವುದು ಅವನ ಚಿಂತೆ. ಅವನ ಸೂತ್ರದಲ್ಲಿ ಇರುವುದು ಪ್ಲೇಟಿನ ಬಾಗುಬಿಗಿತ (ಬಾಗಿಸಲು ಹೋದರೆ ಅದು ಎಷ್ಟು ತಡೆಯುತ್ತದೆ ಅನ್ನುವುದು), ಅಗಲ, ಅಂಚುಗಳಿಗೆ ತಕ್ಕ ಒಂದು ಸಂಖ್ಯೆ, ಇಷ್ಟೇ. ತೂಕದ ಸುದ್ದಿಯೇ ಇಲ್ಲ.

ಫ್ರೀಕ್ವೆನ್ಸಿ ಹಾಗಲ್ಲ. ಬಾಗುಬಿಗಿತವನ್ನು ಒಂದು ಚದರ ಮೀಟರಿನ ತೂಕದಿಂದ ಭಾಗಿಸಿ, ಅದರ ವರ್ಗಮೂಲ ತೆಗೆದರೆ ಫ್ರೀಕ್ವೆನ್ಸಿಯ ಅಳತೆ ಸಿಗುತ್ತದೆ. ಬಿಗಿತ ಇಳಿದರೆ ಅದು ಇಳಿಯುತ್ತದೆ, ತೂಕ ಇಳಿದರೆ ಏರುತ್ತದೆ. ರಂಧ್ರ ಎರಡನ್ನೂ ಇಳಿಸುತ್ತದೆ. ಯಾವುದು ಹೆಚ್ಚು ಬೇಗ ಇಳಿಯಿತು ಅನ್ನುವುದರ ಮೇಲೆ ಉತ್ತರ ನಿಂತಿದೆ.

ಒಂದು ಪ್ಲೇಟನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. 500 ಮಿ.ಮೀ. ಚೌಕದ, 10 ಮಿ.ಮೀ. ದಪ್ಪದ ಗಟ್ಟಿ ಅಲ್ಯೂಮಿನಿಯಂ ಪ್ಲೇಟು. ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಸ್ವಂತ ಬಿಗಿತದ ಅಳತೆ) 70 ಗಿಗಾಪ್ಯಾಸ್ಕಲ್, ಪಾಯ್ಸನ್ ಅನುಪಾತ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವ ಅಳತೆ) 0.33, ಸಾಂದ್ರತೆ ಘನ ಮೀಟರಿಗೆ 2,700 ಕಿಲೋ. ನಾಲ್ಕೂ ಅಂಚು ಸಿಂಪ್ಲಿ ಸಪೋರ್ಟೆಡ್, ಅಂದರೆ ಅಂಚಿಗೆ ಆಸರೆ ಇದೆ, ಆದರೆ ಅದು ತಿರುಗಬಲ್ಲದು. ತೂಕ 6.75 ಕಿಲೋ ಆಗುತ್ತದೆ. ಒಂದು ದಿಕ್ಕಿನಲ್ಲಿ ಒತ್ತಿದರೆ ಬಕ್ಲಿಂಗ್ ಲೋಡ್ ಸುಮಾರು 517 ಕಿಲೋನ್ಯೂಟನ್, ಅಂದರೆ 53 ಟನ್ ಹತ್ತಿರ. ಮೊದಲ ಫ್ರೀಕ್ವೆನ್ಸಿ ಸುಮಾರು 196 ಹರ್ಟ್ಜ್. ಮುಂದಿನ ಎಲ್ಲ ಹೋಲಿಕೆಗೂ ಇದೇ ಪ್ಲೇಟು.

ಈಗ ಇದಕ್ಕೆ ರಂಧ್ರ ತರೋಣ. ಲೋಹದ ಫೋಮನ್ನು ಹೇಗೆ ಮಾಡುತ್ತಾರೆ ಗೊತ್ತಲ್ವಾ? ಕರಗಿದ ಅಲ್ಯೂಮಿನಿಯಮ್ಮಿಗೆ ಕ್ಯಾಲ್ಸಿಯಂ ಹಾಕಿ ಮಂದ ಮಾಡುತ್ತಾರೆ. ಆಮೇಲೆ ಟೈಟೇನಿಯಂ ಹೈಡ್ರೈಡ್ ಪುಡಿ ಹಾಕುತ್ತಾರೆ. ಬಿಸಿಗೆ ಅದರಿಂದ ಹೈಡ್ರೋಜನ್ ಬಿಡುಗಡೆಯಾಗಿ ಲೋಹ ಉಬ್ಬುತ್ತದೆ. ಇದು ಒಂದು ವಿಧಾನ, ಬೇರೆಯೂ ಇವೆ. ಹೀಗೆ ಸಿಕ್ಕ ವಸ್ತುವಿನ ಬಿಗಿತಕ್ಕೂ ಸಾಂದ್ರತೆಗೂ ಇರುವ ಸಂಬಂಧವನ್ನು ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ 1980ರ ದಶಕದಲ್ಲಿ ಚೆನ್ನಾಗಿ ಬಿಡಿಸಿಟ್ಟರು. ತೆರೆದ ರಂಧ್ರಗಳ ಫೋಮಿನಲ್ಲಿ ಯಂಗ್ಸ್ ಮಾಡ್ಯುಲಸ್ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕಾರಣ ಸರಳ. ಫೋಮನ್ನು ಒತ್ತಿದಾಗ ಒಳಗಿನ ಸಣ್ಣ ಕಡ್ಡಿಗಳು ಉದ್ದಕ್ಕೆ ಕುಗ್ಗುವುದಕ್ಕಿಂತ ಹೆಚ್ಚಾಗಿ ಬಾಗುತ್ತವೆ. ತೆಳು ಕಡ್ಡಿಯನ್ನು ಬಾಗಿಸುವುದು ಸುಲಭ. ಹಾಗಾಗಿ ಅರ್ಧ ಲೋಹ ತೆಗೆದರೆ ಬಿಗಿತ ಅರ್ಧ ಅಲ್ಲ, ಕಾಲು ಭಾಗ ಮಾತ್ರ ಉಳಿಯುತ್ತದೆ.

ಮೊದಲು ಗೈಡ್ ಅವರ ಪ್ಲೇಟು. ಅದೇ 10 ಮಿ.ಮೀ. ದಪ್ಪ, ಅರ್ಧ ಲೋಹ, ಅರ್ಧ ರಂಧ್ರ, ಎಲ್ಲೆಡೆ ಒಂದೇ ಸಮ. ಬಕ್ಲಿಂಗ್ ಲೋಡ್ 517ರಿಂದ 129 ಕಿಲೋನ್ಯೂಟನ್ನಿಗೆ ಬೀಳುತ್ತದೆ. ಫ್ರೀಕ್ವೆನ್ಸಿ 196ರಿಂದ 138 ಹರ್ಟ್ಜ್‌ಗೆ. ಬಿಗಿತ ಕಾಲು ಭಾಗಕ್ಕೆ, ತೂಕ ಅರ್ಧಕ್ಕೆ, ಅನುಪಾತದ ವರ್ಗಮೂಲ 0.71. ಎರಡೂ ಇಳಿದವು. ಇಲ್ಲಿ ಗೈಡ್ ಸರಿ.

ಆದರೆ ಇದೇ ಫೋಮನ್ನು ಅದೇ 6.75 ಕಿಲೋ ತೂಕಕ್ಕೆ ಬರುವ ಹಾಗೆ 20 ಮಿ.ಮೀ. ದಪ್ಪ ಮಾಡಿ ನೋಡಿ. ದಪ್ಪದ ಘನಕ್ಕೆ ತಕ್ಕಂತೆ ಬಾಗುಬಿಗಿತ ಬೆಳೆಯುತ್ತದಲ್ಲ, 8 ಪಟ್ಟು ಸಿಕ್ಕಿತು. ವಸ್ತುವಿನಿಂದ ಕಳೆದದ್ದು 4 ಪಟ್ಟು. ಕೊನೆಗೆ ಬಿಗಿತ ಎರಡು ಪಟ್ಟು. ಬಕ್ಲಿಂಗ್ ಲೋಡ್ 1,034 ಕಿಲೋನ್ಯೂಟನ್, ಫ್ರೀಕ್ವೆನ್ಸಿ 277 ಹರ್ಟ್ಜ್. ಅದೇ ವಸ್ತು, ಅದೇ ರಂಧ್ರ, ತೀರ್ಮಾನ ಮಾತ್ರ ಪೂರ್ತಿ ಉಲ್ಟಾ! ‘ರಂಧ್ರದಿಂದ ಪ್ಲೇಟು ದುರ್ಬಲ ಆಗುತ್ತದಾ’ ಅಂತ ಯಾರಾದರೂ ಕೇಳಿದರೆ ಮೊದಲು ತಿರುಗಿ ಕೇಳಬೇಕಾದ್ದು ಇದನ್ನೇ: ದಪ್ಪ ಹಾಗೇ ಇಟ್ಟು ಹೋಲಿಸ್ತೀರಾ, ತೂಕ ಹಾಗೇ ಇಟ್ಟು ಹೋಲಿಸ್ತೀರಾ? ಬಹಳ ಪ್ರಬಂಧಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ದಪ್ಪ ಹಾಗೇ ಇಡುವುದು ಲೆಕ್ಕಕ್ಕೆ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ವಿಮಾನ ಅಥವಾ ರೈಲು ಬೋಗಿ ಮಾಡುವವನಿಗೆ ಬೇಕಾಗಿರುವುದು ತೂಕದ ಲೆಕ್ಕ.

ಇನ್ನು ನಿಮ್ಮ ಪ್ಲೇಟಿಗೆ ಬರೋಣ. ನೀವು ಬಹುಶಃ ಎಲ್ಲರೂ ಬಳಸುವ ಕೊಸೈನ್ ಹಂಚಿಕೆಯನ್ನೇ ತೆಗೆದುಕೊಂಡಿದ್ದೀರಿ. ನಡುತಲದಲ್ಲಿ (ದಪ್ಪದ ನಟ್ಟನಡುವೆ) ಮಾಡ್ಯುಲಸ್ ಅತಿ ಕಡಿಮೆ, ಮೇಲೆ ಕೆಳಗೆ ಹೋದಂತೆ ಏರುತ್ತಾ ಮುಖಗಳಲ್ಲಿ ಗಟ್ಟಿ ಲೋಹದ ಬೆಲೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಸೂತ್ರದ ರಂಧ್ರ ಗುಣಾಂಕ 0.5 ಅಂದರೆ ಶೇ. 50 ರಂಧ್ರ ಅಂತ ಅರ್ಥ ಅಲ್ಲ. ನಡುವಿನಲ್ಲಿ ಮಾಡ್ಯುಲಸ್ ಅರ್ಧಕ್ಕೆ ಇಳಿದಿದೆ ಅಂತ ಅರ್ಥ. ಅಲ್ಲಿನ ಸಾಂದ್ರತೆ ಅರ್ಧದ ವರ್ಗಮೂಲ, ಅಂದರೆ 0.71. ಹಾಗಾಗಿ ನಟ್ಟನಡುವೆಯೂ ಖಾಲಿ ಜಾಗ ಶೇ. 29 ಮಾತ್ರ. ದಪ್ಪದ ಮೇಲೆ ಸರಾಸರಿ ತೆಗೆದರೆ ಶೇ. 19ರ ಹತ್ತಿರ. ‘ಶೇ. 50 ರಂಧ್ರ ಇದ್ದರೂ ಬಿಗಿತ ಅಷ್ಟೇನೂ ಇಳಿಯಲಿಲ್ಲ’ ಅಂತ ಪ್ರಬಂಧದಲ್ಲಿ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಗುಣಾಂಕ 0.5ಕ್ಕೆ ಕೈಲೆಕ್ಕ ಹೀಗೆ ಬರುತ್ತದೆ. ದಪ್ಪದ ಉದ್ದಕ್ಕೂ ಮಾಡ್ಯುಲಸ್ಸನ್ನು ನಡುತಲದಿಂದ ಇರುವ ದೂರದ ವರ್ಗದಿಂದ ಗುಣಿಸಿ ಕೂಡಿಸಿದರೆ, ಗಟ್ಟಿ ಪ್ಲೇಟಿನ ಬಾಗುಬಿಗಿತದಲ್ಲಿ ಕಳೆದುಹೋಗುವುದು ಗುಣಾಂಕದ 0.362 ಪಟ್ಟು. ಅಂದರೆ ಶೇ. 18. ತೂಕದಲ್ಲಿ ಕಳೆಯುವುದು ಶೇ. 18.7. ತೂಕವೇ ಒಂದು ಕೂದಲೆಳೆ ಜಾಸ್ತಿ ಇಳಿದಿದೆ! ಬಕ್ಲಿಂಗ್ ಲೋಡ್ 423 ಕಿಲೋನ್ಯೂಟನ್ನಿಗೆ ಇಳಿಯುತ್ತದೆ. ಫ್ರೀಕ್ವೆನ್ಸಿ 196ರಲ್ಲೇ ನಿಲ್ಲುತ್ತದೆ, ದಶಾಂಶದಲ್ಲಿ ನೋಡಿದರೆ ತುಸು ಮೇಲಕ್ಕೇ. ಗುಣಾಂಕವನ್ನು 0.8ಕ್ಕೆ ಏರಿಸಿದರೆ ಬಿಗಿತ ಶೇ. 29 ಹೋಗುತ್ತದೆ, ತೂಕ ಶೇ. 35 ಹೋಗುತ್ತದೆ. ಬಕ್ಲಿಂಗ್ ಲೋಡ್ 367 ಕಿಲೋನ್ಯೂಟನ್, ಫ್ರೀಕ್ವೆನ್ಸಿ 205 ಹರ್ಟ್ಜ್. ನಿಮ್ಮ ಕಂಪ್ಯೂಟರ್ ತೋರಿಸುತ್ತಿರುವ ‘ವಿಚಿತ್ರ’ ಇದೇ. ಈ ನಾಲ್ಕು ಸಾಲಿನ ಲೆಕ್ಕವನ್ನು ಗೈಡ್ ಮುಂದೆ ಇಡಿ, ವಾದ ಬೇಕಾಗುವುದಿಲ್ಲ.

ಯಾಕೆ ಹೀಗೆ? ಪ್ಲೇಟು ಬಾಗುವಾಗ ನಡುತಲದ ವಸ್ತು ಹೆಚ್ಚೂಕಡಿಮೆ ಸುಮ್ನೆ ಕೂತಿರುತ್ತದೆ. ಎಳೆತ, ಒತ್ತಡ ಎಲ್ಲ ಮುಖಗಳ ಹತ್ತಿರ. ಆದರೆ ತೂಗುವಾಗ ನಡುವಿನ ಒಂದು ಗ್ರಾಮೂ ಮುಖದ ಒಂದು ಗ್ರಾಮೂ ಒಂದೇ. ಕೆಲಸ ಮಾಡದ ಜಾಗದಿಂದ ಲೋಹ ತೆಗೆದರೆ ನಷ್ಟ ಕಡಿಮೆ. ನಮ್ಮ ತಲೆಬುರುಡೆಯ ಮೂಳೆಯೂ ಇದೇ ಕಟ್ಟಡ: ಹೊರಗೂ ಒಳಗೂ ಗಟ್ಟಿ ಪದರ, ನಡುವೆ ರಂಧ್ರಮಯ ಮೂಳೆ.

ತೂಕದ ಲೆಕ್ಕದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಗುಣಾಂಕ 0.5ರ ನಿಮ್ಮ ಪ್ಲೇಟು 5.5 ಕಿಲೋ ತೂಗುತ್ತದೆ. ಅಷ್ಟೇ ತೂಕಕ್ಕೆ ಬರುವ ಹಾಗೆ ಗಟ್ಟಿ ಪ್ಲೇಟನ್ನು 8.1 ಮಿ.ಮೀ.ಗೆ ತೆಳುಮಾಡಿದರೆ ಬಕ್ಲಿಂಗ್ ಲೋಡ್ 278 ಕಿಲೋನ್ಯೂಟನ್, ಫ್ರೀಕ್ವೆನ್ಸಿ 159 ಹರ್ಟ್ಜ್. ದಪ್ಪ 10 ಮಿ.ಮೀ. ಇಟ್ಟು ರಂಧ್ರವನ್ನು ಸಮನಾಗಿ ಹರಡಿದರೆ 342 ಮತ್ತು 177. ರಂಧ್ರವನ್ನು ನಡುವಿಗೆ ತಳ್ಳಿದರೆ 423 ಮತ್ತು 196. ತೂಕ ಮೂರಕ್ಕೂ ಒಂದೇ. ನಿಮ್ಮ ಪ್ರಬಂಧದಲ್ಲಿ ಹಾಕಬೇಕಾದ ಗ್ರಾಫ್ ಇದು ಅಂತ ನನ್ನ ಅಭಿಪ್ರಾಯ. ಗುಣಾಂಕದ ಎದುರು ಫ್ರೀಕ್ವೆನ್ಸಿ ಎಳೆದ ಗ್ರಾಫ್ ಎಲ್ಲರ ಬಳಿಯೂ ಇದೆ.

ರಂಧ್ರ ಮುಖಗಳ ಕಡೆ ಸೇರಿಕೊಂಡು ನಡು ಗಟ್ಟಿಯಾಗಿದ್ದರೆ? ಅದೇ ಗುಣಾಂಕ 0.5ಕ್ಕೆ ತೂಕ ಶೇ. 11 ಮಾತ್ರ ಉಳಿತಾಯ, ಬಿಗಿತ ಶೇ. 32 ನಷ್ಟ. ಬಕ್ಲಿಂಗ್ ಲೋಡ್ 352 ಕಿಲೋನ್ಯೂಟನ್, ಫ್ರೀಕ್ವೆನ್ಸಿ 171 ಹರ್ಟ್ಜ್. ಬೇಕಂತಲೇ ಯಾರೂ ಹೀಗೆ ಮಾಡುವುದಿಲ್ಲ. ಆದರೆ ಮೂಳೆಗೆ ಹಾಕುವ ಟೈಟೇನಿಯಂ ಇಂಪ್ಲಾಂಟಿನ ಲೆಕ್ಕ ಬೇರೆ. ಅಲ್ಲಿ ಮೂಳೆ ಒಳಕ್ಕೆ ಬೆಳೆದು ಹಿಡಿದುಕೊಳ್ಳಲಿ ಅಂತ ಹೊರಮೈಗೇ ರಂಧ್ರ ಬಿಡುತ್ತಾರೆ. ಬಿಗಿತ ಕಡಿಮೆಯಾಗುವುದೂ ಅಲ್ಲಿ ಬೇಕಾದದ್ದೇ. ಟೈಟೇನಿಯಂ ಸುಮಾರು 110 ಗಿಗಾಪ್ಯಾಸ್ಕಲ್, ಗಟ್ಟಿ ಮೂಳೆ 15ರಿಂದ 20. ಇಂಪ್ಲಾಂಟೇ ಭಾರವನ್ನೆಲ್ಲ ಹೊತ್ತುಬಿಟ್ಟರೆ ಪಕ್ಕದ ಮೂಳೆ ಕೆಲಸ ಇಲ್ಲದೆ ಸವೆಯುತ್ತದೆ. ವರ್ಗದ ನಿಯಮ ಹಾಕಿ ನೋಡಿ, ಶೇ. 60 ರಂಧ್ರ ಬಿಟ್ಟರೆ ಟೈಟೇನಿಯಂ ಮೂಳೆಯ ಹತ್ತಿರ ಬರುತ್ತದೆ.

ಮೂರನೇ ಜಾತಿ ಸ್ವಲ್ಪ ತಲೆನೋವಿನದು: ಒಂದು ಮುಖ ಗಟ್ಟಿ, ಇನ್ನೊಂದು ಮುಖದ ಕಡೆ ರಂಧ್ರ. ಸೆಟ್ ದೋಸೆಯ ಹಾಗೆ, ಕಾವಲಿಗೆ ತಾಗಿದ ಕಡೆ ಬಿಗಿ, ಮೇಲೆಲ್ಲ ತೂತು. ಇಂಥ ಪ್ಲೇಟಿನಲ್ಲಿ ಬಾಗುವಿಕೆಯ ತಟಸ್ಥ ತಲ (ಬಾಗುವಾಗ ಎಳೆತವೂ ಒತ್ತಡವೂ ಇಲ್ಲದ ಜಾಗ) ನಟ್ಟನಡುವೆ ಇರುವುದಿಲ್ಲ, ಗಟ್ಟಿ ಮುಖದ ಕಡೆ ಸರಿದಿರುತ್ತದೆ. ನಡುತಲದಲ್ಲಿ ಒತ್ತಿದರೆ ಒತ್ತಡದ ಜತೆಗೆ ಬಾಗಿಸುವ ಮೊಮೆಂಟೂ ಹುಟ್ಟುತ್ತದೆ. ಅಂಚು ಸಿಂಪ್ಲಿ ಸಪೋರ್ಟೆಡ್ ಆಗಿದ್ದರೆ ಮೊದಲ ನ್ಯೂಟನ್ನಿನಿಂದಲೇ ಪ್ಲೇಟು ಬಾಗತೊಡಗುತ್ತದೆ. ಚಪ್ಪಟೆಯಾಗಿದ್ದು ಥಟ್ಟನೆ ಉಬ್ಬುವ ಹಂತವೇ ಅಲ್ಲಿ ಇಲ್ಲ. ಆದರೂ ಸಾಫ್ಟ್‌ವೇರ್ ಅದಕ್ಕೂ ಒಂದು ಬಕ್ಲಿಂಗ್ ಲೋಡ್ ಕೊಡುತ್ತದೆ! ಆ ಸಂಖ್ಯೆಗೆ ಅರ್ಥ ಇಲ್ಲ. ಅಂಚುಗಳು ತಿರುಗದ ಹಾಗೆ ಬಿಗಿ ಹಿಡಿದಿದ್ದರೆ ಮಾತ್ರ ಆ ಮೊಮೆಂಟನ್ನು ಅಂಚು ನುಂಗಿಕೊಳ್ಳುತ್ತದೆ, ಆಗ ನಿಜವಾದ ಬಕ್ಲಿಂಗ್ ಇರುತ್ತದೆ. ನೀವು ಈ ಹಂಚಿಕೆಯನ್ನೂ ಸೇರಿಸುವುದಾದರೆ ಥಟ್ಟನೆ ಉಬ್ಬುವ ಲೋಡನ್ನು ಮಾತ್ರ ಹುಡುಕುವ ಐಗನ್ ಲೆಕ್ಕಕ್ಕೆ ನಿಲ್ಲಬೇಡಿ. ಲೋಡನ್ನು ಹಂತಹಂತವಾಗಿ ಏರಿಸುವ ನಾನ್‌ಲೀನಿಯರ್ ಲೆಕ್ಕ ಮಾಡಿ.

ಈಗ ಸೆರಾಮಿಕ್ ಮತ್ತು ಲೋಹದ ಪೇಪರುಗಳು. ಒಂದು ಮುಖ ಪೂರ್ತಿ ಸೆರಾಮಿಕ್, ಇನ್ನೊಂದು ಪೂರ್ತಿ ಲೋಹ, ನಡುವೆ ನಿಧಾನವಾಗಿ ಬದಲಾಗುವ ಇಂಥ ವಸ್ತುಗಳ ಕಲ್ಪನೆ 1984ರ ಸುಮಾರಿಗೆ ಜಪಾನಿನಲ್ಲಿ ಬಾಹ್ಯಾಕಾಶ ವಿಮಾನಕ್ಕಾಗಿ ಬೆಳೆಯಿತು. ಪುಡಿಯನ್ನು ಕಾಯಿಸಿ ಕೂಡಿಸುವಾಗ ಒಳಗೆ ರಂಧ್ರ ಉಳಿಯುತ್ತದೆ, ಅದು ನಿಜ. ಆ ರಂಧ್ರವನ್ನು ಲೆಕ್ಕಕ್ಕೆ ತರಲು ಬಹಳ ಜನ ಬಳಸುವ ಸೂತ್ರ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದು ಹೇಳುವುದಿಷ್ಟು: ರಂಧ್ರದ ಪಾಲಿನ ಅರ್ಧವನ್ನು, ಎರಡು ವಸ್ತುಗಳ ಮಾಡ್ಯುಲಸ್ಸಿನ ಮೊತ್ತದಿಂದ ಗುಣಿಸಿ, ಎಲ್ಲ ಕಡೆಯೂ ಅಷ್ಟನ್ನೇ ಕಳೆಯಿರಿ. ಸಾಂದ್ರತೆಗೂ ಹಾಗೆಯೇ.

ಅಲ್ಯೂಮಿನಾ 380 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂ 70 ಅಂತ ಇಟ್ಟುಕೊಳ್ಳಿ. ರಂಧ್ರದ ಪಾಲು 0.2 ಆದರೆ ಎಲ್ಲ ಕಡೆ 45 ಗಿಗಾಪ್ಯಾಸ್ಕಲ್ ಕಳೆಯಬೇಕು. ಸೆರಾಮಿಕ್ ಕಡೆ 380 ಹೋಗಿ 335 ಆಗುತ್ತದೆ, ಶೇ. 12 ನಷ್ಟ. ಅಲ್ಲಿ ಸಾಂದ್ರತೆಯ ನಷ್ಟ ಶೇ. 17ರ ಹತ್ತಿರ. ತೂಕ ಜಾಸ್ತಿ ಇಳಿಯಿತು, ಫ್ರೀಕ್ವೆನ್ಸಿ ಏರಿತು. ಲೋಹದ ಕಡೆ 70 ಹೋಗಿ 25 ಉಳಿಯುತ್ತದೆ, ಶೇ. 64 ನಷ್ಟ! ಸಾಂದ್ರತೆ ಇಳಿದದ್ದು ಶೇ. 25 ಅಷ್ಟೆ. ಹಾಗಾಗಿ ಸೆರಾಮಿಕ್ ಹೆಚ್ಚಿರುವ ಪ್ಲೇಟಿನಲ್ಲಿ ಫ್ರೀಕ್ವೆನ್ಸಿ ಏರುತ್ತದೆ, ಲೋಹ ಹೆಚ್ಚಿರುವ ಪ್ಲೇಟಿನಲ್ಲಿ ಕುಸಿಯುತ್ತದೆ. ನೀವು ಓದಿದ ಗೊಂದಲದ ಮೂಲ ಇದೇ ಇರಬೇಕು. ರಂಧ್ರದ ಪಾಲನ್ನು 0.32ಕ್ಕೆ ಏರಿಸಿ ನೋಡಿ, ಲೋಹದ ಮುಖದ ಮಾಡ್ಯುಲಸ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಶೇ. 32 ರಂಧ್ರ ಇರುವ ಅಲ್ಯೂಮಿನಿಯಂ ತುಂಡು ಕೈಯಲ್ಲಿ ಹಿಡಿಯಲು ಸಿಗುತ್ತದೆ, ಅದು ಗಾಳಿಯಲ್ಲಿ ಕರಗಿಹೋಗಿಲ್ಲ. ತಪ್ಪು ಸೂತ್ರದ್ದು. ಸಣ್ಣ ರಂಧ್ರದ ಪಾಲಿಗೆ, ಹೋಲಿಕೆಗೆ ಮಾತ್ರ ಅದನ್ನು ಬಳಸಿ. ಅದರ ಫಲಿತಾಂಶದಿಂದ ‘ರಂಧ್ರ ಹೀಗೆ ಮಾಡುತ್ತದೆ’ ಅನ್ನುವ ತೀರ್ಮಾನಕ್ಕೆ ಹೋಗಬೇಡಿ.

ಒಂದೇ ವಸ್ತುವಿನ ಪ್ಲೇಟಿಗೂ ಇದೇ ಎಚ್ಚರ ಬೇಕು. ಮಾಡ್ಯುಲಸ್ಸೂ ಸಾಂದ್ರತೆಯೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ ಅಂತ ಊಹಿಸಿದರೆ, ಸಮನಾಗಿ ಹರಡಿದ ರಂಧ್ರದಿಂದ ಫ್ರೀಕ್ವೆನ್ಸಿ ಬದಲಾಗುವುದೇ ಇಲ್ಲ. ವರ್ಗದ ನಿಯಮ ಹಾಕಿದರೆ ಇಳಿಯುತ್ತದೆ. ಸಾಂದ್ರತೆಯನ್ನು ಬದಲಿಸಲು ಮರೆತರೆ ಇನ್ನೂ ಜಾಸ್ತಿ ಇಳಿಯುತ್ತದೆ. ವಿದ್ಯಾರ್ಥಿಗಳ ಮಾಡೆಲ್‌ಗಳಲ್ಲಿ ನಾನು ಹೆಚ್ಚು ಕಾಣುವ ತಪ್ಪು ಈ ಮೂರನೆಯದು. ಪದರಪದರವಾಗಿ ಮಾಡ್ಯುಲಸ್ ಕೊಡುತ್ತಾರೆ, ಸಾಂದ್ರತೆ ಮಾತ್ರ ಎಲ್ಲ ಪದರಕ್ಕೂ 2,700. ನಿಮ್ಮದರಲ್ಲಿ ಫ್ರೀಕ್ವೆನ್ಸಿ ಏರಿದೆ ಅಂದರೆ ಈ ತಪ್ಪು ಆಗಿಲ್ಲ ಅಂತ ಲೆಕ್ಕ.

ದಪ್ಪ ಪ್ಲೇಟುಗಳ ವಿಷಯ ಒಂದಿದೆ. ನಾನು ಮೇಲೆ ಮಾಡಿದ ಲೆಕ್ಕವೆಲ್ಲ ತೆಳು ಪ್ಲೇಟಿನ ಹಳೆಯ ಸಿದ್ಧಾಂತ. ಅದರ ಹುಟ್ಟಿಗೆ ಒಂದು ಕಥೆಯೂ ಇದೆ. ಜರ್ಮನ್ ವಿಜ್ಞಾನಿ ಕ್ಲಾಡ್ನಿ ಪ್ಲೇಟಿನ ಮೇಲೆ ಮರಳು ಹಾಕಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ಮೂಡಿಸುತ್ತಿದ್ದ ಚಿತ್ತಾರಗಳನ್ನು ನೆಪೋಲಿಯನ್ ನೋಡಿದ. ಇದನ್ನು ಗಣಿತದಲ್ಲಿ ವಿವರಿಸಿದವರಿಗೆ ಬಹುಮಾನ ಅಂತ ಫ್ರೆಂಚ್ ಅಕಾಡೆಮಿ ಸಾರಿತು. 1816ರಲ್ಲಿ ಗೆದ್ದದ್ದು ಸೋಫಿ ಜರ್ಮೈನ್. ಅಂಚಿನ ನಿಯಮಗಳನ್ನು 1850ರಲ್ಲಿ ಕಿರ್ಕಾಫ್ ಸರಿಪಡಿಸಿದ. ಈ ಸಿದ್ಧಾಂತದಲ್ಲಿ ಪ್ಲೇಟು ದಪ್ಪದ ದಿಕ್ಕಿನಲ್ಲಿ ಜಾರುವುದೇ ಇಲ್ಲ, ಅಂದರೆ ಶಿಯರ್ ಇಲ್ಲ. ನಮ್ಮ 500ಕ್ಕೆ 10ರ ಪ್ಲೇಟಿಗೆ ಅದು ನಡೆಯುತ್ತದೆ. ಅಗಲ ದಪ್ಪದ 10 ಪಟ್ಟು ಮಾತ್ರ ಇದ್ದರೆ, ಗಟ್ಟಿ ಪ್ಲೇಟಿನಲ್ಲೇ ಅದು ಫ್ರೀಕ್ವೆನ್ಸಿಯನ್ನು ಶೇ. 3–4, ಬಕ್ಲಿಂಗ್ ಲೋಡನ್ನು ಶೇ. 5ಕ್ಕಿಂತ ತುಸು ಜಾಸ್ತಿ ಹೆಚ್ಚಿಸಿ ಹೇಳುತ್ತದೆ.

ರಂಧ್ರ ನಡುವಿನಲ್ಲಿದ್ದರೆ ಈ ತಪ್ಪು ದೊಡ್ಡದಾಗುತ್ತದೆ. ಶಿಯರ್ ಒತ್ತಡ ಅತಿ ಹೆಚ್ಚು ಇರುವುದು ನಡುತಲದಲ್ಲೇ, ಅಲ್ಲೇ ನೀವು ವಸ್ತುವನ್ನು ಮೆದು ಮಾಡಿದ್ದೀರಿ. ಬಾಗುವಿಕೆಯಲ್ಲಿ ಗಳಿಸಿದ್ದರಲ್ಲಿ ಸ್ವಲ್ಪ ಭಾಗ ಶಿಯರಿನಲ್ಲಿ ಸೋರಿಹೋಗುತ್ತದೆ. ಮಿಂಡ್ಲಿನ್ 1951ರಲ್ಲಿ ಕೊಟ್ಟ ಸಿದ್ಧಾಂತ ಶಿಯರನ್ನು ಸೇರಿಸುತ್ತದೆ. ಆದರೆ ಅದಕ್ಕೆ ಒಂದು ತಿದ್ದುಪಡಿ ಸಂಖ್ಯೆ ಬೇಕು. ಎಲ್ಲರೂ ಕಣ್ಣುಮುಚ್ಚಿ ಹಾಕುವ ಆರನೇ ಐದು ಭಾಗ ಗಟ್ಟಿ ಪ್ಲೇಟಿಗೆ ಸರಿ, ನಿಮ್ಮ ಪ್ಲೇಟಿಗೆ ಅಲ್ಲ. ತಿದ್ದುಪಡಿ ಬೇಡದ ಮೇಲಿನ ದರ್ಜೆಯ ಸಿದ್ಧಾಂತಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ವಿ. ಕೃಷ್ಣಮೂರ್ತಿ 1970ರ ದಶಕದಲ್ಲೇ ಇಂಥದ್ದರ ಮೇಲೆ ಕೆಲಸ ಮಾಡಿದ್ದರು. ಇವತ್ತು ಹೆಚ್ಚು ಬಳಕೆಯಲ್ಲಿರುವುದು ತೆಲಂಗಾಣ ಮೂಲದ ಜೆ.ಎನ್. ರೆಡ್ಡಿ 1984ರಲ್ಲಿ ಕೊಟ್ಟ ಮೂರನೇ ದರ್ಜೆಯ ಸಿದ್ಧಾಂತ. ನಿಮ್ಮ ಪ್ಲೇಟು ದಪ್ಪವಾಗಿದ್ದರೆ ಅದನ್ನು ಬಳಸಿ, ಅಥವಾ ದಪ್ಪದ ಉದ್ದಕ್ಕೂ ಸಾಕಷ್ಟು ಸಾಲಿಡ್ ಎಲಿಮೆಂಟ್ ಹಾಕಿ ಒಮ್ಮೆ ತಾಳೆ ನೋಡಿ.

ಪೇಪರುಗಳಲ್ಲಿ ಕಾಣದ ಒಂದು ಮಾತು. ದಪ್ಪದಲ್ಲಿ ಏಳೆಂಟು ರಂಧ್ರವಾದರೂ ಸಾಲಾಗಿ ಕೂರದಿದ್ದರೆ ಈ ನಯವಾದ ಕೊಸೈನ್ ಸೂತ್ರಕ್ಕೆ ಅರ್ಥ ಇರುವುದಿಲ್ಲ. ರಂಧ್ರವೇ 3–4 ಮಿ.ಮೀ. ಇದ್ದು ಪ್ಲೇಟು 10 ಮಿ.ಮೀ. ಇದ್ದರೆ, ಒಂದೊಂದು ಗೋಡೆಯ ಕಥೆ ಬೇರೆಬೇರೆ. ಆಗ ಸರಾಸರಿ ಮಾಡ್ಯುಲಸ್ ಅನ್ನುವುದೇ ಕಲ್ಪನೆ.

ರಂಧ್ರದಲ್ಲಿ ಗಾಳಿಯ ಬದಲು ನೀರಿದ್ದರೆ ಆಟ ಇನ್ನೂ ಬೇರೆ. ನಿಮ್ಮ 0.5ರ ಪ್ಲೇಟಿನ ಖಾಲಿ ಜಾಗಕ್ಕೆಲ್ಲ ನೀರು ತುಂಬಿದರೆ, ಬಿಗಿತ ಬದಲಾಗದಿದ್ದರೂ ತೂಕದಿಂದಲೇ ಫ್ರೀಕ್ವೆನ್ಸಿ ಶೇ. 4 ಇಳಿಯುತ್ತದೆ. ಬಕ್ಲಿಂಗಿನಲ್ಲಿ ಇದಕ್ಕಿಂತ ಸ್ವಾರಸ್ಯ ಇದೆ. ಮೋರಿಸ್ ಬಯೋ 1964ರಲ್ಲಿ ರಂಧ್ರಮಯ ಹಲಗೆಯ ಬಕ್ಲಿಂಗನ್ನು ಬಿಡಿಸಿದ. ಹಲಗೆ ಬಾಗಿದಾಗ ಒಂದು ಬದಿ ಒತ್ತಿಕೊಳ್ಳುತ್ತದೆ, ಇನ್ನೊಂದು ಬದಿ ಹಿಗ್ಗುತ್ತದೆ. ಒತ್ತಿದ ಬದಿಯ ದ್ರವ ಹಿಗ್ಗಿದ ಬದಿಗೆ ಹರಿಯಲು ಹೊತ್ತು ಬೇಕು. ಬೇಗ ಒತ್ತಿದರೆ ದ್ರವಕ್ಕೆ ಹರಿಯಲು ಸಮಯ ಇಲ್ಲ, ಅದೂ ಭಾರ ಹೊರುತ್ತದೆ, ಹಲಗೆ ಬಿಗಿ. ನಿಧಾನವಾಗಿ ಒತ್ತಿದರೆ ದ್ರವ ಜಾರಿಕೊಳ್ಳುತ್ತದೆ, ಬಕ್ಲಿಂಗ್ ಲೋಡ್ ಕಡಿಮೆ. ಎರಡರ ನಡುವಿನ ಲೋಡ್ ಹಾಕಿ ಬಿಟ್ಟರೆ ಹಲಗೆ ಥಟ್ಟನೆ ಉಬ್ಬುವುದಿಲ್ಲ, ಹೊತ್ತು ಹೋದಂತೆ ಉಬ್ಬುತ್ತಾ ಬರುತ್ತದೆ. ದಪ್ಪ ಎರಡು ಪಟ್ಟಾದರೆ ದ್ರವ ಹರಿಯುವ ಹೊತ್ತು ನಾಲ್ಕು ಪಟ್ಟು. ಒಣ ಫೋಮಿಗೆ ಇದು ಬೇಡ, ಮೂಳೆಗೂ ನೀರು ಕುಡಿದ ಕಲ್ಲುಮಣ್ಣಿನ ಪದರಕ್ಕೂ ಬೇಕು.

ಅಂಚುಗಳ ಬಗ್ಗೆ ಚಿಕ್ಕದಾಗಿ. ನಾಲ್ಕೂ ಅಂಚನ್ನು ಬಿಗಿ ಹಿಡಿದರೆ ಚೌಕ ಪ್ಲೇಟಿನ ಬಕ್ಲಿಂಗ್ ಲೋಡ್ ಸುಮಾರು ಎರಡೂವರೆ ಪಟ್ಟು, ಫ್ರೀಕ್ವೆನ್ಸಿ 1.8 ಪಟ್ಟು ಏರುತ್ತದೆ. ರಂಧ್ರದ ಹಂಚಿಕೆಯಿಂದ ಬಕ್ಲಿಂಗ್ ಲೋಡಿನಲ್ಲಿ ನೀವು ಗಳಿಸುವ ಶೇ. 20–25ರ ಎದುರು ಇದು ಬಹಳ ದೊಡ್ಡದು. ಲ್ಯಾಬಿನ ಫ್ರೇಮಿನಲ್ಲಿ ಅಂಚು ಸಿಂಪ್ಲಿ ಸಪೋರ್ಟೆಡ್ಡೂ ಅಲ್ಲ, ಪೂರ್ತಿ ಬಿಗಿಯೂ ಅಲ್ಲ, ನಡುವೆ ಎಲ್ಲೋ ಇರುತ್ತದೆ. ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದರೆ ರಂಧ್ರವನ್ನು ಬೈಯುವ ಮೊದಲು ಬೋಲ್ಟುಗಳನ್ನು ನೋಡಿ.

ಇನ್ನು ಪ್ಲೇಟನ್ನು ಕೆಡಿಸದೆ ಬಕ್ಲಿಂಗ್ ಲೋಡ್ ತಿಳಿಯುವ ಪ್ರಶ್ನೆ. ಆಗುತ್ತದೆ, ಅದಕ್ಕೆ ಫ್ರೀಕ್ವೆನ್ಸಿಯೇ ದಾರಿ. ಪ್ಲೇಟನ್ನು ಒತ್ತುತ್ತಾ ಹೋದಂತೆ ಬಾಗುವುದನ್ನು ತಡೆಯುವ ಅದರ ಬಿಗಿತ ಕರಗುತ್ತಾ ಬರುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಕಂಪನದ ಆಕಾರವೂ ಬಕ್ಲಿಂಗಿನ ಆಕಾರವೂ ಒಂದೇ ಆಗಿದ್ದರೆ, ಫ್ರೀಕ್ವೆನ್ಸಿಯ ವರ್ಗ ಲೋಡಿಗೆ ತಕ್ಕಂತೆ ನೇರ ರೇಖೆಯಲ್ಲಿ ಇಳಿಯುತ್ತದೆ. ಬಕ್ಲಿಂಗ್ ಲೋಡಿನ ಮುಕ್ಕಾಲು ಭಾಗ ಹಾಕಿದಾಗ ಫ್ರೀಕ್ವೆನ್ಸಿ ಅರ್ಧ. ಪೂರ್ತಿ ಹಾಕಿದಾಗ ಸೊನ್ನೆ. ನಮ್ಮ ಸಿಂಪ್ಲಿ ಸಪೋರ್ಟೆಡ್ ಚೌಕ ಪ್ಲೇಟಿಗೆ ಇದು ಪಕ್ಕಾ ನಿಲ್ಲುತ್ತದೆ, ರಂಧ್ರ ನಡುತಲದ ಎರಡೂ ಕಡೆ ಒಂದೇ ತೆರನಾಗಿದ್ದರೆ.

ಮಾಡುವುದು ಹೀಗೆ. ಲೋಡ್ ಹಾಕದೆ ಒಮ್ಮೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಕ್ಸೆಲೆರೋಮೀಟರಿನಲ್ಲಿ (ಕಂಪನ ಅಳೆಯುವ ಸೆನ್ಸರ್) ಮೊದಲ ಫ್ರೀಕ್ವೆನ್ಸಿ ಓದಿ. ಆಮೇಲೆ ನಿಮ್ಮ ಲೆಕ್ಕದ ಬಕ್ಲಿಂಗ್ ಲೋಡಿನ ಶೇ. 10, 20, 30 ಹೀಗೆ ಏರಿಸುತ್ತಾ ಪ್ರತಿ ಸಲ ಓದಿ. ಫ್ರೀಕ್ವೆನ್ಸಿಯ ವರ್ಗವನ್ನು ಲೋಡಿನ ಎದುರು ಗುರುತು ಮಾಡಿ, ರೇಖೆಯನ್ನು ಸೊನ್ನೆಯವರೆಗೆ ಮುಂದಕ್ಕೆ ಎಳೆಯಿರಿ. ಅದು ಲೋಡಿನ ಅಕ್ಷವನ್ನು ಮುಟ್ಟುವ ಜಾಗವೇ ನಿಮ್ಮ ಬಕ್ಲಿಂಗ್ ಲೋಡ್. ಶೇ. 60–70 ಮುಟ್ಟಿದರೆ ಸಾಕು, ಪ್ಲೇಟು ಉಳಿಯುತ್ತದೆ. ಶೇ. 30ಕ್ಕೇ ನಿಲ್ಲಿಸಿ ರೇಖೆ ಎಳೆದರೆ ತಪ್ಪು ದೊಡ್ಡದಾಗುತ್ತದೆ.

ಫೋಮಿನಲ್ಲಿ ಒಂದು ತೊಡಕು ಬರಬಹುದು. ಗಟ್ಟಿ ಅಲ್ಯೂಮಿನಿಯಮ್ಮಿಗಿಂತ ಅದರಲ್ಲಿ ಡ್ಯಾಂಪಿಂಗ್ ಜಾಸ್ತಿ, ಅಂದರೆ ಕಂಪನ ಬೇಗ ಅಡಗುತ್ತದೆ, ಅಳತೆಯ ಗ್ರಾಫಿನಲ್ಲಿ ಫ್ರೀಕ್ವೆನ್ಸಿ ತೋರಿಸುವ ಶಿಖರ ಅಗಲವಾಗಿ ಬರುತ್ತದೆ. ನಾಲ್ಕೈದು ಸಲ ತಟ್ಟಿ ಸರಾಸರಿ ತೆಗೆದುಕೊಳ್ಳಿ. ಇನ್ನು ಲೋಡ್ ಏರಿದಂತೆ ಇಳಿಯುತ್ತಿದ್ದ ಫ್ರೀಕ್ವೆನ್ಸಿ ಸೊನ್ನೆಯ ಹತ್ತಿರವೂ ಹೋಗದೆ ನಡುವೆಯೇ ತಿರುಗಿ ಏರಲು ಶುರುವಾದರೆ ಸೆನ್ಸರ್ ಬದಲಿಸಲು ಹೋಗಬೇಡಿ. ಪ್ಲೇಟು ಮೊದಲೇ ಸ್ವಲ್ಪ ಸೊಟ್ಟ ಇತ್ತು, ಅಥವಾ ಒಂದು ಮುಖದಲ್ಲಿ ರಂಧ್ರ ಜಾಸ್ತಿ ಇದೆ ಅಂತ ಅರ್ಥ. ಬಾಗಿದ ಪ್ಲೇಟು ಮತ್ತೆ ಬಿಗಿಯಾಗುತ್ತಾ ಹೋಗುತ್ತದೆ, ಅದಕ್ಕೇ ಫ್ರೀಕ್ವೆನ್ಸಿ ಏರುತ್ತದೆ. ಆಗ ತಿರುವಿಗೆ ಮುಂಚಿನ ಬಿಂದುಗಳಲ್ಲಿ ನೇರವಾಗಿರುವಷ್ಟನ್ನು ಮಾತ್ರ ರೇಖೆಗೆ ತೆಗೆದುಕೊಳ್ಳಿ. ಪ್ಲೇಟನ್ನು ಫ್ರೇಮಿನಿಂದ ತೆಗೆದು, ಮಗುಚಿ ಹಾಕಿ, ಇನ್ನೊಂದು ಸಲ ಅಳೆಯಿರಿ.